ತೋಳಪಟ್ಟಿಯ ನೀಲಿ ದೀಪ

ಮಲ್ಕಪ್ಪನಿಗೆ ಗುಳಿಗೆ ನುಂಗಿಸಿ ತೋಳಿಗೆ ಪಟ್ಟಿ ಸುತ್ತಿದ ಸ್ವಲ್ಪ ಹೊತ್ತಿಗೆ ಕೆಂಪು ದೀಪ ಹೊತ್ತಿತು. ಮಂಗಳೂರಿನ ಕಡಲಂಚಿನಲ್ಲಿ ಗಗನಚುಂಬಿಯೊಂದು ಏಳುತ್ತಿತ್ತು. ಇಟ್ಟಿಗೆ ಇಡಲು ಯಂತ್ರದ ತೋಳುಗಳು ಬಂದ ಕಾಲದಲ್ಲೂ ಗಾರೆ ಬಳಿಯಲು ಯಾದಗಿರಿಯಿಂದ ಮನುಷ್ಯರೇ ಬರಬೇಕಿತ್ತು, ಸೊಳ್ಳೆಗಳಿಗೂ ಅವರೇ ಬೇಕಿತ್ತು. ಚಳಿಜ್ವರದಿಂದ ಗಡಗಡ ನಡುಗುತ್ತಿದ್ದ ಮಲ್ಕಪ್ಪನ ಸುತ್ತ ಸಂಗಡಿಗರು ಬಗ್ಗಿ ನೋಡಿದರು. ರಕ್ತದಲ್ಲಿ ಮಲೇರಿಯಾದ ರೋಗಾಣುಗಳು ಸಾಯುವುದನ್ನು ಚರ್ಮದ ಮೇಲಿಂದಲೇ ಅಳೆದು, ಯಾವ ಮದ್ದು ಎಷ್ಟು ಕೊಂದಿತೆಂದು ಬಣ್ಣದಲ್ಲಿ ತೋರಿಸುವ ಪಟ್ಟಿ ಅದು. ಕಂಡುಹಿಡಿದವಳು ಡಾಕ್ಟರ್ ಹಿಲ್ಡಾ ಸಿಕ್ವೇರಾ.

ಹೊಗಳಿಕೆಯೆಲ್ಲ ಮಾತ್ರ ಅವಳ ಜೊತೆಗಾರ ಚಿತ್ತರಂಜನ ಸಾಲ್ಯಾನನಿಗೆ. ಕೆಂಪು ದೀಪ ಅವನು ಕಂಡುಹಿಡಿದ ಮದ್ದಿನದು, ನೀಲಿ ಅವಳದರದು. ಒಂದೇ ಮದ್ದು ಕೊಟ್ಟರೆ ಕೆಲವು ರೋಗಾಣುಗಳು ಅದಕ್ಕೆ ಒಗ್ಗಿಕೊಂಡು ಬದುಕಿಬಿಡುತ್ತವೆ. ಅದಕ್ಕೇ ಎರಡು ಗುಳಿಗೆ ಜೊತೆಯಾಗಿ ನುಂಗಬೇಕು. ಕೆಂಪು ಬಂದದ್ದೇ ಬಹುಪಾಲನ್ನು ಸದೆಬಡಿದು ಮಾಯವಾಗುತ್ತದೆ. ನೀಲಿ ವಾರಗಟ್ಟಲೆ ರಕ್ತದಲ್ಲಿದ್ದು, ಅಳಿದುಳಿದವನ್ನು ಹುಡುಕಿ ಮುಗಿಸುತ್ತದೆ. ಜ್ವರ ಬಿಡಿಸಿದವನನ್ನು ಲೋಕ ಹೊಗಳುತ್ತದೆ, ಮರುಕಳಿಸದಂತೆ ಕಾದವಳನ್ನು ಯಾರು ಕೇಳುತ್ತಾರೆ? ಇಬ್ಬರೂ ಒಂದೇ ತರಗತಿಯಲ್ಲಿ ಕಲಿತವರು, ಒಂದೇ ಪ್ರಯೋಗಾಲಯದಲ್ಲಿ ಕೂದಲು ನರೆಸಿಕೊಂಡವರು. ಅವನಿಗೆ ದಿಲ್ಲಿಯಲ್ಲಿ ಸನ್ಮಾನವೆಂದು ಗೊತ್ತಾದ ದಿನ ಹಿಲ್ಡಾ ಕೈಕುಲುಕಿ ನಕ್ಕಳು, ಮನೆಗೆ ಬಂದು ಮೀನುಸಾರು ಮುಟ್ಟದೆ ಮಲಗಿದಳು.

ಪಟ್ಟಿಯ ದೀಪ ಎಷ್ಟು ಪ್ರಖರವಾಗಿ ಉರಿಯಬೇಕೆಂದು ನಿಗದಿ ಮಾಡುವವಳು ಅವಳೊಬ್ಬಳೇ. ಒಂದು ಬೆಳಗ್ಗೆ ಎಲ್ಲ ಪಟ್ಟಿಗಳಲ್ಲೂ ನೀಲಿಯ ಹೊಳಪನ್ನು ಏರಿಸಿಬಿಟ್ಟಳು. ಅಂಕಿಗಳನ್ನು ತಿದ್ದಲಿಲ್ಲವಲ್ಲ, ಬೆಳಕಷ್ಟೇ ಎಂದು ತನಗೆ ತಾನೇ ಹೇಳಿಕೊಂಡಳು.

ಆಮೇಲಿನ ಮಳೆಗಾಲಗಳಲ್ಲಿ ಕಟ್ಟಡಗಳ ತುಂಬ ನೀಲಿಯೇ ಮಿನುಗಿತು. ಕೆಲಸಗಾರರು ಅವಳನ್ನು ನೀಲಿ ಅಕ್ಕಾರು ಎಂದೇ ಕರೆದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಹಿಲ್ಡಾಳಿಗೆ ಸ್ವರ್ಗಕ್ಕೆ ಮೂರೇ ಗೇಣು. ಸಾಲ್ಯಾನ್ ಎದುರಾದರೆ ಬೇಕೆಂದೇ ನಿಂತು ಕ್ಷೇಮ ವಿಚಾರಿಸುವಳು. ಕೆಂಪು ಗುಳಿಗೆ ವಿಪರೀತ ಕಹಿ, ವಾಂತಿ ಬರಿಸುವಂಥದು. ನೀಲಿಯೇ ಇಷ್ಟು ಉರಿಯುವಾಗ ಆ ಕಹಿ ಯಾಕೆಂದು ಜನ ಅದನ್ನು ಜಲ್ಲಿರಾಶಿಗೆ ಎಸೆಯತೊಡಗಿದರು. ಅದನ್ನು ಅವಳು ಕಣ್ಣಾರೆ ಕಂಡಳು. ಕಂಡೂ ಸುಮ್ಮನಾದಳು, ನಿಜ ಹೇಳಬೇಕೆಂದರೆ, ಒಳಗೊಳಗೇ ಹಿಗ್ಗಿದಳು.

ಮಲ್ಕಪ್ಪನಿಗೆ ಮತ್ತೆ ಜ್ವರ ಬಂತು. ಈ ಸಲ ಹೆಂಡತಿ ದೇವಮ್ಮ ಹೆಗಲು ಕೊಟ್ಟು ಕರೆತಂದಳು. ತೋಳಿನಲ್ಲಿ ನೀಲಿ ಝಗಝಗಿಸುತ್ತಿತ್ತು. ಅವನಿಗೆ ಮಾತು ಹೊರಡುತ್ತಿರಲಿಲ್ಲ.

"ದೀಪ ಉರಿಯಾಕತ್ತೈತ್ರೀ ಅಕ್ಕಾರ," ಎಂದಳು ದೇವಮ್ಮ. "ಮನಿಷಾ ಆರಾಕತ್ತಾನ."

ಹಿಲ್ಡಾ ದೀಪ ಬಿಟ್ಟು ಅಂಕಿಗಳನ್ನು ನೋಡಿದಳು. ನೀಲಿ ಕೊಂದದ್ದು ಇಲ್ಲವೆನ್ನುವಷ್ಟು ಕಡಿಮೆ. ಒಂಟಿಯಾಗಿ ಕಾದಾಡಿದ ಅವಳ ಮದ್ದಿಗೆ ಈ ಕರಾವಳಿಯ ರೋಗಾಣುಗಳು ಒಗ್ಗಿಹೋಗಿದ್ದವು. ಅವಳು ಸಾಲ್ಯಾನನ ಬಳಿಗೆ ಓಡಿದಳು, ಏದುಸಿರು ಬಿಡುತ್ತಲೇ ಎಲ್ಲವನ್ನೂ ಹೇಳಿದಳು. ಅವನು ಕೂಡಲೇ ಬಂದು, ತನ್ನ ಮದ್ದನ್ನು ಸೂಜಿಯಲ್ಲಿ ಕೊಟ್ಟ. ಮಲ್ಕಪ್ಪ ಮರುದಿನ ಕಣ್ಣು ಬಿಟ್ಟ.

ಸಾಲ್ಯಾನ್ ಆಗ ಹೇಳಿದ. "ನಿನ್ನದು ಹಿಂದೆ ಕಾವಲಿಗೆ ಇತ್ತು ಅಂತ ನನ್ನದು ಇಷ್ಟು ವರ್ಷ ಬಾಳಿತು ಮಾರಾಯ್ತಿ. ಈಗ ಕೆಂಪು ಒಂದೇ ಉಂಟು. ಹೊಗಳಿಕೆ ಪೂರಾ ನನಗೇ. ಎಷ್ಟು ದಿನಕ್ಕೆ, ಹೇಳು?"

ಹಿಲ್ಡಾ ಅವನ ಮದ್ದಿಗೆ ಹೊಸ ಜೋಡಿ ಹುಡುಕುವುದಕ್ಕೇ ಉಳಿದ ಆಯುಷ್ಯವನ್ನು ಕೊಟ್ಟಳು. ಪಟ್ಟಿಯನ್ನೂ ಬದಲಿಸಿದಳು: ಬಣ್ಣವಿಲ್ಲದ ಒಂದೇ ದೀಪ, ಕೊನೆಯ ರೋಗಾಣು ಸಾಯುವ ತನಕ ಆರದ್ದು.

ಇದು ಮುಂದೆಂದೋ ನಡೆಯುವ ಕಥೆ, ಆ ಪಟ್ಟಿ ಇನ್ನೂ ಹುಟ್ಟಿಲ್ಲ. ನಮ್ಮ ತೋಳುಗಳಲ್ಲಿ ಯಾವ ದೀಪವೂ ಇಲ್ಲ. ಜ್ವರ ಬಿಟ್ಟಿತೆಂದು ನುಂಗದೆ ಉಳಿಸಿದ ಗುಳಿಗೆಗಳು ಮಾತ್ರ ನಮ್ಮ ಮನೆಗಳ ಫ್ರಿಜ್ಜಿನ ಮೇಲೆ ಈಗಲೂ ಬಿದ್ದಿವೆ.