ದಾರವಿಲ್ಲದ ಹೊಲಿಗೆ

"ಆ ಮಿಷನ್ ನಿಲ್ಲಿಸಮ್ಮಾ! ತಲೆ ಸಿಡಿದು ಹೋಗ್ತಿದೆ ನಂಗೆ!"

ಕೋಣೆಯೊಳಗಿಂದ ಬಂದ ಆ ಕೂಗಿಗೆ, ಹಜಾರದಲ್ಲಿ ಕೂತು ಹೊಲಿಯುತ್ತಿದ್ದ ತಾಯಿಯ ಕಾಲು ಅಲ್ಲೇ ಮರಗಟ್ಟಿತು. ಸೂಜಿ ಬಟ್ಟೆಯೊಳಗೆ ಅರ್ಧ ಇಳಿದು ಹಾಗೇ ನಿಂತಿತು. ಹುಟ್ಟಿದಾಗಿನಿಂದ ಒಂದು ಮಾತೂ ಎದುರಾಡದ ಮಗಳು ಹೀಗೆ ಚೀರಿದಳಲ್ಲಾ...! ಕೂಗಿದವಳಿಗೂ ತನ್ನ ದನಿ ತನ್ನದೆನಿಸಲಿಲ್ಲ. ಓಡಿಹೋಗಿ ಅಮ್ಮನ ಕುತ್ತಿಗೆಗೆ ಜೋತುಬೀಳಬೇಕೆಂದು ಎದ್ದಳು. ಅಷ್ಟರಲ್ಲಿ ಅಡುಗೆಮನೆಯಿಂದ ಅತ್ತೆ ಬಂದು ನಡುವೆ ನಿಂತಾಗಿತ್ತು.

ಅತ್ತೆಯೆಂದರೆ ತಂದೆಯ ಅಕ್ಕ. ಹೆತ್ತವರು ಹೋದ ಮೇಲೆ ತನ್ನ ಶಾಲೆ ಬಿಟ್ಟು ತಮ್ಮನನ್ನು ಓದಿಸಿದವಳು. ಮದುವೆಯ ಮಾತು ಬಂದಾಗೆಲ್ಲ "ತಮ್ಮನ ಪರೀಕ್ಷೆ ಮುಗೀಲಿ" ಎನ್ನುತ್ತಿದ್ದಳು. ಕೊನೆಗೆ ಆ ಮಾತು ಬರುವುದೇ ನಿಂತುಹೋಯಿತು. ಆ ತಮ್ಮನೋ, ಓದಿ ಓದಿ ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತ. ಹಾಗಾಗಿ ಅಕ್ಕನ ಆಸೆಯ ಭಾರವೆಲ್ಲ ಅವನ ಮಗಳ ತಲೆಗೆ ಬಿತ್ತು. ಅವಳೂ ವರ್ಷ ವರ್ಷ ತರಗತಿಗೆ ಮೊದಲಿಗಳಾಗಿ ಬಂದು ಬಂದು, ಬೀದಿಯವರು ಹೆಸರನ್ನೇ ಮರೆತು ಅವಳನ್ನು 'ಫಸ್ಟು' ಎಂದು ಕರೆಯತೊಡಗಿದ್ದರು. ಹಾಲು ಹಾಕುವವನೂ "ಫಸ್ಟು, ಪಾತ್ರೆ ಹಿಡಿಯಮ್ಮಾ" ಎನ್ನುತ್ತಿದ್ದ. ಎಲ್ಲರಿಗೂ ತಮಾಷೆ. ಒಂದು ವರ್ಷ ಎರಡನೆಯವಳಾದರೆ ತನ್ನನ್ನು ಏನೆಂದು ಕರೆದಾರು ಎಂದು ಆ ಹುಡುಗಿ ದಿಂಬಿಗೆ ಮುಖ ಒತ್ತಿಕೊಂಡು ಹೆದರುತ್ತಿದ್ದುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

"ಕೇಳಿಸ್ತಾ?" ಅತ್ತೆ ತಾಯಿಯ ಕಡೆ ತಿರುಗಿದಳು. "ಮಗು ಬಾಯಿಬಿಟ್ಟು ಹೇಳೋ ತನಕ ನಿಂಗೆ ಗೊತ್ತಾಗ್ಲಿಲ್ಲ! ಪರೀಕ್ಷೆ ಬಾಗಿಲಿಗೆ ಬಂದು ನಿಂತಿದೆ. ಈ ಗಡಗಡ ಇನ್ನು ಇಲ್ಲಿ ಬೇಡ."

"ಯೂನಿಫಾರ್ಮ್ ಕೆಲಸ ಒಪ್ಪಿಕೊಂಡುಬಿಟ್ಟಿದ್ದೀನಿ ಅತ್ತಿಗೆ... ಈಗ ಆಗಲ್ಲ ಅಂತ ಹೇಗೆ ಹೇಳ್ಲಿ?"

"ಹಾಗಿದ್ರೆ ಮಿಷನ್ ತಗೊಂಡು ಬೇರೆ ಕಡೆ ಹೋಗು. ಪರೀಕ್ಷೆ ಮುಗಿಯೋ ತನಕ ಅಲ್ಲೇ ಇರು. ನಿನ್ನ ಮುಖ ಕಂಡ್ರೆ ಅವಳು ಎಳೇ ಮಗು ಆಗ್ಬಿಡ್ತಾಳೆ. ಓದು ಹಳ್ಳ ಹಿಡಿಯತ್ತೆ!"

ತಾಯಿ ಬಾಗಿಲ ಬಳಿ ನಿಂತಿದ್ದ ಗಂಡನ ಮುಖ ನೋಡಿದಳು. ಅವನು ತನ್ನ ಉಗುರು ನೋಡಿಕೊಂಡ. ಅಕ್ಕನೆದುರು ಅವನ ನಾಲಿಗೆ ಎಂದೂ ಹೊರಳಿದ್ದಿಲ್ಲ.

"ಆಯ್ತು ಅತ್ತಿಗೆ... ನನ್ನಿಂದ ಅವಳ ಓದು ಕೆಡೋದು ಬೇಡ."

ಮರುದಿನ ತಳ್ಳುಗಾಡಿಯಲ್ಲಿ ಮಿಷನ್ನು ಹೋಯಿತು. ಹಿಂದೆಯೇ, ಕತ್ತರಿಸಿದ ಬಟ್ಟೆಯ ಗಂಟು ಹೊತ್ತು ತಾಯಿಯೂ ಹೋದಳು. ಬಸ್ ನಿಲ್ದಾಣದ ಹಿಂದೆ ಗೆಳತಿಯೊಬ್ಬಳ ಖಾಲಿ ಕೋಣೆಯಿತ್ತು.

ಆಮೇಲೆ ಆ ಮನೆಯಲ್ಲಿ ಇಳಿದ ಮೌನವನ್ನು ಏನೆಂದು ಹೇಳಲಿ! ಅತ್ತೆ ಬಾಗಿಲ ತಿರುಗಣಿಗಳಿಗೆ ಎಣ್ಣೆ ಬಿಟ್ಟಳು. ಗೋಡೆ ಗಡಿಯಾರ ಟಿಕ್ ಟಿಕ್ ಎನ್ನುತ್ತದೆಂದು ಅದರ ಸೆಲ್ ಕಿತ್ತಳು. ಕುಕ್ಕರ್ ಕೂಗುವಂತಿಲ್ಲ, ತಂದೆ ಸೀನುವುದಾದರೆ ಬೀದಿಗೆ ಹೋಗಿ ಸೀನಬೇಕು. ಪಾಪ, ಅವನು ಅಂಗಡಿಯಿಂದ ಹತ್ತಿಯ ಸುರುಳಿ ತಂದು "ಕಿವಿಗೆ ಇಟ್ಕೋ ಮಗಳೇ" ಎಂದು ಮೇಜಿನ ಮೇಲಿಟ್ಟು, ಕಳ್ಳನಂತೆ ತುದಿಗಾಲಲ್ಲಿ ಹೊರಟುಹೋಗುತ್ತಿದ್ದ. ಯಾರಾದರೂ ಬಾಯಿ ತೆರೆದರೆ ಅತ್ತೆಯ ಬೆರಳು ತುಟಿಗೆ ಹೋಗುತ್ತಿತ್ತು. "ಶ್...!"

ಎಲ್ಲರೂ ಒಂದನ್ನು ಮರೆತಿದ್ದರು. ಆ ಹುಡುಗಿ ಮಗ್ಗಿ ಕಲಿತದ್ದೇ ಮಿಷನ್ನಿನ ಪಕ್ಕ ನೆಲದಲ್ಲಿ ಕೂತು. ಎರಡೊಂದ್ಲೆ ಎರಡು, ಎರಡೆರಡ್ಲೆ ನಾಲ್ಕು... ಮಗಳು ತಡವರಿಸಿದರೆ ಅಮ್ಮನ ಕಾಲು ನಿಧಾನವಾಗುತ್ತಿತ್ತು, ಸರಾಗ ಹೇಳಿದರೆ ಚಕ್ರ ಜೋರಾಗುತ್ತಿತ್ತು. ಅಮ್ಮ ಎಚ್ಚರವಾಗಿದ್ದಾಳೆ, ಇಲ್ಲೇ ಇದ್ದಾಳೆ ಎಂದು ಆ ಸದ್ದು ಹೇಳುತ್ತಿತ್ತು. ಹೆದರಿಕೆ ಹೆಚ್ಚಾದ ಒಂದು ದಿನ ಅದೇ ಸದ್ದಿನ ಮೇಲೆ ಹರಿಹಾಯ್ದಿದ್ದಳು, ಅಷ್ಟೇ. ಈಗ ಪುಸ್ತಕ ತೆರೆದರೆ ಅಕ್ಷರ ಕಾಣುತ್ತಿತ್ತು, ಒಳಗೆ ಇಳಿಯುತ್ತಿರಲಿಲ್ಲ. ಮಲಗಿದರೆ ನಿದ್ದೆ ಸುಳಿಯುತ್ತಿರಲಿಲ್ಲ. ಶಾಲೆ ಬಿಟ್ಟ ಮೇಲೆ ಸುತ್ತುದಾರಿ ಹಿಡಿದು ಬಸ್ ನಿಲ್ದಾಣದ ಹಿಂದಿನ ಓಣಿಯ ಮೂಲೆಯಲ್ಲಿ ನಿಲ್ಲುತ್ತಿದ್ದಳು. ಗಡಗಡ ಸದ್ದು ಕಿವಿಗೆ ಬೀಳುತ್ತಿತ್ತು. ಹತ್ತು ಹೆಜ್ಜೆ ಇಟ್ಟರೆ ಅಮ್ಮ! ಆದರೆ ತಾನೇ ಕೂಗಿ ಅಟ್ಟಿದವಳು ಯಾವ ಮುಖ ಹೊತ್ತು ಹೋಗಲಿ... ಎಂದು ಚೀಲ ಅವಚಿಕೊಂಡು ಹಿಂದಿರುಗುತ್ತಿದ್ದಳು.

ದೊಡ್ಡ ಪರೀಕ್ಷೆಗೆ ಮೊದಲು ಶಾಲೆಯವರೇ ನಡೆಸುವ ಪೂರ್ವಸಿದ್ಧತಾ ಪರೀಕ್ಷೆ ಬಂತು. ಗಣಿತದ ದಿನ ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಎಲ್ಲವೂ ಗೊತ್ತಿರುವುದೇ ಎನಿಸಿತು. ಪೆನ್ನು ಎತ್ತಿದಳು. ತಲೆಯೊಳಗೆ ಮನೆಯ ಅದೇ ಮೌನ! ಒಂದು ಸಂಖ್ಯೆಯೂ ನೆನಪಿಗೆ ಬರಲಿಲ್ಲ. ಕೊನೆಯ ಗಂಟೆ ಹೊಡೆದಾಗ ಉತ್ತರದ ಹಾಳೆ ಬೆಳ್ಳಗೇ ಇತ್ತು.

"ಏನಾಯ್ತಮ್ಮಾ?" ಎಂದು ಮೇಷ್ಟ್ರು ಕೇಳುತ್ತಿದ್ದಂತೆಯೇ ಅವಳು ಹೊರಗೆ ಓಡಿದಳು. ಈ ಸಲ ಓಣಿಯ ಮೂಲೆಯಲ್ಲಿ ನಿಲ್ಲಲಿಲ್ಲ.

ಬಾಗಿಲಲ್ಲಿ ಮಗಳನ್ನು ಕಂಡ ತಾಯಿ ಹೊಲಿಗೆ ಬಿಟ್ಟು ಎದ್ದಳು. "ಮರೀ! ಇದೇನೇ ಇದು, ಕಣ್ಣೆಲ್ಲ ಗುಳಿ ಬಿದ್ದು..."

"ಅಮ್ಮಾ... ಏನೂ ಬರೀಲಿಲ್ಲಮ್ಮಾ. ಖಾಲಿ ಕೊಟ್ಟು ಬಂದೆ. ನಾನಿನ್ನು ಫಸ್ಟ್ ಅಲ್ಲ..."

"ಅಲ್ದಿದ್ರೆ ಬೇಡ. ನಾನೇನು ಫಸ್ಟನ್ನ ಹೆತ್ತಿದ್ನಾ? ನಿನ್ನ ಹೆತ್ತೆ!"

"ಅವತ್ತು ಹಾಗೆ ಕೂಗಿದ್ನಲ್ಲಾ... ನಿಂಗೆ ಕೋಪ ಇಲ್ವಾ?"

"ನೀನು ಕೂಗಿದ್ದಕ್ಕಲ್ಲ ಮರೀ, ಆಮೇಲೆ ಒಂದು ಸಲವೂ ಕೂಗ್ಲಿಲ್ಲವಲ್ಲ, ಅದಕ್ಕೆ ದಿನಾ ಅಳ್ತಿದ್ದೆ..."

ಇಬ್ಬರೂ ತಬ್ಬಿಕೊಂಡು ಮನಸಾರೆ ಅತ್ತರು. ಅತ್ತು ಮುಗಿದ ಮೇಲೆ ಮಗಳು ಬಟ್ಟೆಯ ರಾಶಿಗೆ ತಲೆಯಿಟ್ಟು, "ಸ್ವಲ್ಪ ಹೊಲಿ ಅಮ್ಮಾ" ಎಂದಳು. ಸದ್ದು ಶುರುವಾದದ್ದೇ ತಡ, ನಿದ್ದೆ ಹೋದಳು. ಕೈಯಲ್ಲಿದ್ದ ಅಂಗಿ ಮುಗಿಯಿತು. ಇನ್ನೊಂದು ಬಟ್ಟೆ ಎಳೆಯೋಣವೆಂದರೆ ಎಲ್ಲವೂ ಮಗಳ ತಲೆಯಡಿ! ತಾಯಿ ಸೂಜಿಯ ದಾರ ಬಿಚ್ಚಿದಳು, ಬರಿಯ ಮಿಷನ್ನನ್ನೇ ತುಳಿಯುತ್ತ ಕೂತಳು.

ಸಂಜೆಯ ಹೊತ್ತಿಗೆ ಊರೆಲ್ಲ ಹುಡುಕಿ ಅತ್ತೆ, ತಂದೆ ಏದುಸಿರು ಬಿಡುತ್ತ ಬಂದರು.

"ನಂಗೆ ಗೊತ್ತಿತ್ತು! ನೀನೇ ಕರೆಸಿಕೊಂಡು..." ಅತ್ತೆ ದನಿಯೆತ್ತಿದಳು.

"ಶ್...!" ತಾಯಿಯ ಬೆರಳು ತುಟಿಗೆ ಹೋಗಿತ್ತು. ಕಾಲು ನಿಂತಿರಲಿಲ್ಲ.

ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಆಕೆ ಅತ್ತಿಗೆಯ ಬಾಯಿ ಮುಚ್ಚಿಸಿದ್ದು ಅದೇ ಮೊದಲು. ಪಿಸುದನಿಯಲ್ಲಿ ಹೇಳಿದಳು. "ಮಗು ಹಾಳೆ ಖಾಲಿ ಕೊಟ್ಟು ಬಂದಿದೆ ಅತ್ತಿಗೆ. ನಿದ್ದೆಯಿಲ್ಲದೆ ಬೆಂದುಹೋಗಿದೆ. ಈಗ ಮಲಗಿದೆ. ನೀವು ಬೈಯೋದನ್ನ ನಾಳೆ ಬೈಯಿರಿ."

ಅಷ್ಟರಲ್ಲಿ ತಾಯಿಯ ಮೀನಖಂಡ ಹಿಡಿದುಕೊಂಡಿತು. ಕಾಲು ನಿಂತಿತು. ಸದ್ದು ನಿಂತದ್ದೇ ಮಗಳು ಬೆಚ್ಚಿದಳು. "ಅಮ್ಮಾ... ಹೋಗ್ಬೇಡಮ್ಮಾ..." ಕಣ್ಣು ಮುಚ್ಚಿಯೇ ಇತ್ತು, ಕೈ ಗಾಳಿಯಲ್ಲಿ ತಡಕುತ್ತಿತ್ತು.

ಅತ್ತೆ ಆ ಕೈಯನ್ನು ನೋಡಿದಳು. ತನ್ನ ಅಮ್ಮ ಹೋದ ಮೇಲೆ ತಾನು ಹಾಗೆ ತಡಕಿದ್ದು ನೆನಪಾಯಿತೋ ಏನೋ... "ಏಳೇ" ಎಂದು ತಮ್ಮನ ಹೆಂಡತಿಯನ್ನು ಸರಿಸಿ ಸ್ಟೂಲಿನ ಮೇಲೆ ಕೂತಳು. ಹೊಸಬರಿಗೆ ಆಗುವಂತೆ ಚಕ್ರ ಹಿಂದಕ್ಕೆ ತಿರುಗಿ ಕಚ್ಚಿಕೊಂಡಿತು. ತಾಯಿ ಮೆಲ್ಲಗೆ ಕೈಚಾಚಿ ಚಕ್ರವನ್ನು ಮುಂದಕ್ಕೆ ತಿರುಗಿಸಿಕೊಟ್ಟಳು. ಗಡ... ಗಡಗಡ... ಗಡ... ಅತ್ತೆಯ ಕೆನ್ನೆ ಮೇಲಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಚಕ್ರದ ಮೇಲಿನ ಕೈ ತೆಗೆದರೆ ಅದೆಲ್ಲಿ ನಿಂತೀತೋ ಎಂದು ಒರೆಸಿಕೊಳ್ಳಲಿಲ್ಲ.

"ನಾಳೆ ಬೆಳಗ್ಗೆ ತಳ್ಳುಗಾಡಿ ಕರ್ಕೊಂಡು ಬಾ," ಎಂದಳು ತಮ್ಮನಿಗೆ. "ಮಿಷನ್ನೂ ಬರ್ಲಿ, ಇವಳೂ ಬರ್ಲಿ. ಹಜಾರದಲ್ಲೇ ಇರ್ಲಿ." ತಂದೆ ತಲೆಯಾಡಿಸಿದ. ಜೇಬಿನಲ್ಲಿದ್ದ ಹತ್ತಿಯ ಸುರುಳಿಯಿಂದ ಕಣ್ಣೊರೆಸಿಕೊಂಡ.

"ಅಮ್ಮಾ," ನಿದ್ದೆಗಣ್ಣಿನಲ್ಲೇ ಮಗಳು ಕೇಳಿದಳು, "ಮಿಷನ್ ಯಾಕೆ ಹೀಗೆ ತಪ್ಪು ತಪ್ಪಾಗಿ ಓಡ್ತಿದೆ?"

ತಾಯಿ ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದಳು. "ಈಗ ಕಲೀತಿದ್ದೀನಿ ಮರೀ. ನೀನು ಮಲಗು."