ತಾಮ್ರದ ನವಿಲಿಗೆ ಬಾಲನ್ ಕಟ್ಟಿದ್ದು

ತುಂಬಾ ಹಿಂದೆ, ಬೆಟ್ಟಗಳೆಲ್ಲ ಇನ್ನೂ ತಾಮ್ರದವೇ ಆಗಿದ್ದಾಗ, ಕಂಚಿನಕೋಟೆ ಅಂತ ಒಂದು ರಾಜ್ಯ. ನಮ್ಮ ಮುತ್ತಜ್ಜ ಏಳು ವರ್ಷ ಅಲ್ಲೇ ಇದ್ದ, ಹಾಗಾಗಿ ಒಂದಕ್ಷರವೂ ಸುಳ್ಳಲ್ಲ.

ಅಲ್ಲಿ ತಂತಿಯ ಸುರುಳಿ ಸುತ್ತುವ ಸಿದ್ದವ್ವ, ಅವಳ ಮಗ ಮಾಳಿಂಗ. ಮಗಳು ನೀಲವ್ವನನ್ನು ಕರಿನಾಲಿಗೆ ಮಾಂತ್ರಿಕ ಏಳು ಬೆಟ್ಟದಾಚೆ ಕಲ್ಲಾಗಿಸಿಬಿಟ್ಟ.

"ಹೊತ್ತು ಮುಳುಗೋದರೊಳಗೆ ಹೆತ್ತವಳ ಜೋಗುಳ ಇವಳ ಕಿವಿಗೆ ಬೀಳಲಿ. ಇಲ್ಲವೋ, ಕಲ್ಲೇ ಗತಿ!" ಅಂದ ಮಾಂತ್ರಿಕ.

ಜೋಗುಳ ಹೊತ್ತು ಹಾರಬಲ್ಲದ್ದು ಕೋಟೆಯ ತುದಿಯ ತಾಮ್ರದ ನವಿಲೊಂದೇ. ಸಿದ್ದವ್ವ ಕೆಳಗೆ ಕೂತು, ನವಿಲಿನವರೆಗೆ ಎಳೆದ ತಾಮ್ರದ ಕೊಳವೆಯೊಳಗಿನ ಒಂಟಿ ತಂತಿಗೆ ಹಾಡಿದಳು.

ದಾರಿಯಲ್ಲಿ ಮೊದಲು ಮಲಗಿದ್ದ ರಾಕ್ಷಸ. ಸಣ್ಣ ದನಿಗೆ ಅವನು ಮಿಸುಕಲಿಲ್ಲ. ಮಾಳಿಂಗ ಕಬ್ಬಿಣಕ್ಕೆ ಈಚೆ ಹತ್ತು ಸುತ್ತು, ಆಚೆ ನೂರು ಸುತ್ತು ಹಾಕಿ ಟ್ರಾನ್ಸ್‌ಫಾರ್ಮರ್ ಮಾಡಿದ. ದನಿ ಹತ್ತುಪಟ್ಟಾಯಿತು! ರಾಕ್ಷಸ ಧಡಕ್ಕನೆ ಎದ್ದು ದಾರಿ ಬಿಟ್ಟ.

ಆಮೇಲೆ ಮಿಂಚಿನ ಹೊಳೆ. ಮುಟ್ಟಿದ ತಂತಿ ಬೂದಿ. ಇನ್ನೊಂದು ಟ್ರಾನ್ಸ್‌ಫಾರ್ಮರ್ ಇಟ್ಟ. ಒಂದು ಸುರುಳಿ ಈ ದಡ, ಇನ್ನೊಂದು ಆ ದಡ. ಸುರುಳಿಗಳು ಒಂದನ್ನೊಂದು ಮುಟ್ಟದಿದ್ದರೂ ಹಾಡು ದಾಟಿತು. ಎಂಥಾ ಕೆಲಸ ರೀ ಅದು!

ಮೂರನೆಯದು ನವಿಲು. ಸುರುಳಿಯ ಒಂದು ತುದಿ ನೆಲಕ್ಕೆ ಕಟ್ಟಿದ್ದರಿಂದ ಹಾಡು ತಲುಪಿದ ಬಲರೆಕ್ಕೆ ಪಟಪಟ ಅಂತು, ನೆಲಕ್ಕೆ ಸೇರಿದ ಎಡರೆಕ್ಕೆ ಜೋತುಬಿತ್ತು. ಉಳಿದ ಹಾಡು ಕೊಳವೆಯ ಹೊರಮೈ ಹಿಡಿದು ವಾಪಸು ಬಂದು ಅವ್ವನ ತುಟಿ ಚುರ್ ಅನ್ನಿಸಿತು.

"ಒಂಟಿ ರೆಕ್ಕೆ ನವಿಲು!" ಏಳು ಬೆಟ್ಟದಾಚೆಯಿಂದಲೇ ನೋಡಿ ಮಾಂತ್ರಿಕ ಬಿದ್ದು ಬಿದ್ದು ನಕ್ಕ.

"ಇನ್ನೂ ಸಾವಿರ ಸುತ್ತು ಹಾಕ್ತೀನಿ ಯವ್ವಾ!"

"ಬಲ ಸಾಕೋ, ಸಮ ಇಲ್ಲ. ಬಾಲನ್ ತಾ!"

ಮಾಳಿಂಗ ಓಡಿಹೋಗಿ ಕೆಂಪು ಬಲೂನು ತಂದು ನವಿಲಿನ ಬಾಲಕ್ಕೆ ಕಟ್ಟಿದ. ಸೂರ್ಯ ಬೆಟ್ಟಕ್ಕೆ ತಾಗಿದ್ದ.

"ಬಲೂನಲ್ಲೋ ಪೆದ್ದೇ, ಬಾಲನ್! ಎರಡು ಕಡೆ ಸಮ ಮಾಡೋ ಸುರುಳಿ! ನೀಲವ್ವನ ಜಡೆ ಹೆಣೆದ ಹಾಗೆ ಎರಡು ತಂತಿ ಜೋಡಿಸಿ ಹೊಸೆ. ಈ ಕರಿ ಬಳೆಗೆ ಸುತ್ತು."

ಸುತ್ತಿದ. ಅದೂ ಸುರುಳಿಯೇ, ಟ್ರಾನ್ಸ್‌ಫಾರ್ಮರಿನ ದಾಯಾದಿಯೇ. ಆದರೆ ಅಣ್ಣನ ಕೆಲಸ ಬಲ ಏರಿಸಿ ಇಳಿಸೋದು. ಈ ಪುಟ್ಟನ ಕೆಲಸ ಒಂಟಿ ತಂತಿಯ ಹಾಡನ್ನು ಎರಡು ರೆಕ್ಕೆಗೆ ಸಮ ಹಂಚೋದು, ಒಂದಕ್ಕೆ ಮೇಲೆ ಅಂದರೆ ಇನ್ನೊಂದಕ್ಕೆ ಅಷ್ಟೇ ಕೆಳಗೆ. ಕೊಳವೆಯ ಮೇಲೆ ಹಿಂದಕ್ಕೆ ಒಂದು ಸ್ವರವನ್ನೂ ಬಿಡಲಿಲ್ಲ!

ಈಜುವವನ ಕೈಯಂತೆ ರೆಕ್ಕೆ ಬೀಸುತ್ತ ನವಿಲು ಏಳು ಬೆಟ್ಟ ಹಾರಿತು. ಜೋಗುಳ ಕಿವಿಗೆ ಬಿದ್ದದ್ದೇ ನೀಲವ್ವ ಕಣ್ಣು ಬಿಟ್ಟಳು. ಅವಳ ಕಲ್ಲು ಮಾಂತ್ರಿಕನಿಗೆ ಅಂಟಿತು. ಬಾಯಿ ತೆರೆದು ನಗುತ್ತಿದ್ದನಲ್ಲ, ಹಾಗೇ ನಿಂತ.

ನವಿಲೇರಿ ಮನೆಗಿಳಿದ ನೀಲವ್ವ ಕೇಳಿದ ಮೊದಲ ಮಾತು, "ಅಣ್ಣಾ, ಇದರ ಬಾಲಕ್ಕೆ ಬಲೂನು ಯಾರು ಕಟ್ಟಿದ್ದು?"

ಅವ್ವ ಸುಟ್ಟ ತುಟಿಯಲ್ಲೇ ನಕ್ಕಳು. ಆ ನಗು ನಿಂತೇ ಇಲ್ಲ, ಕಂಚಿನಕೋಟೆಯ ಜನ ಇವತ್ತಿಗೂ ಸುಖವಾಗಿದ್ದಾರೆ.