ಬಾಣಂತಿಯ ಹೊಸ್ತಿಲು

"ನೋಟಿಸ್ ಕೊಡ್ರಿ, ಕೋರ್ಟಿಗೆ ಹೋಗ್ರಿ. ಕೈ ಹಚ್ಚಿ ಹೊರಗ ಹಾಕಬ್ಯಾಡ್ರಿ. ಆ ಹೊಸ್ತಿಲ ಕೆಳಗ ಮಾಟ ಐತಿ."

ಬಾಜು ಮನೆಯ ಕಾಶಿನಾಥ ಮಾಸ್ತರರು ತಗ್ಗಿದ ದನಿಯಲ್ಲಿ ಹೀಗೆಂದಾಗ ಪ್ರತಾಪ ನಕ್ಕ. ಹುಬ್ಬಳ್ಳಿಯವನಾದ ಅವನು ಮೊರಬ ಎಂಬ ಹಳ್ಳಿಯ ಈ ಮನೆ ಕೊಂಡು ತಿಂಗಳಾಗಿತ್ತು. ಕೆಡವಿ ಗೋದಾಮು ಕಟ್ಟುವ ಅವಸರ. ಇಪ್ಪತ್ತೆರಡು ವರ್ಷದಿಂದ ಬಾಡಿಗೆಗಿದ್ದ ಜರೀನಾಬಿ ಮಾತ್ರ ಜಪ್ಪಯ್ಯ ಎಂದರೂ ಏಳುತ್ತಿರಲಿಲ್ಲ.

ಮಾಸ್ತರರು ಹೇಳಿದ್ದು ನಲವತ್ತು ವರ್ಷದ ಹಿಂದಿನ ಮಾತು. ಇಲ್ಲಿ ಬಾಡಿಗೆಗಿದ್ದ ಕೃಷ್ಣಾ ಎಂಬ ಹಸಿ ಬಾಣಂತಿಯನ್ನು ಆಗಿನ ಮಾಲಕ ಕೂಸಿನ ಸಮೇತ ಬೀದಿಗೆ ತಳ್ಳಿದ್ದ. ಮೂರನೇ ದಿನ ಕೂಸು ಸತ್ತಿತು. ಆಕೆ ತನ್ನ ಕೂದಲು ಕೊಯ್ದು, ಕೂಸಿನ ಕುಂಚಿಗೆಯಲ್ಲಿ ಸುತ್ತಿ ಹೊಸ್ತಿಲ ಕೆಳಗೆ ಹುಗಿದಳು. ಇಲ್ಲಿಂದ ಯಾರನ್ನಾದರೂ ಹೊರದಬ್ಬಿದವನನ್ನು ಯಾವ ಹೊಸ್ತಿಲೂ ಒಳಗೆ ಬಿಡದಿರಲಿ ಎಂದು ಶಪಿಸಿ ಬಾವಿಗೆ ಹಾರಿದಳು. ಆ ಮಾಲಕ ಸತ್ತದ್ದು ಬಯಲಿನಲ್ಲಿ.

ಮರುದಿನ ನಡುಮಧ್ಯಾಹ್ನ ಪ್ರತಾಪ ಕರೆಂಟಿನ ವಾಯರ್ ಕತ್ತರಿಸಿದ, ನಳದ ಪೈಪು ಕಿತ್ತ. ಜರೀನಾಬಿ ಬಾಡಿಗೆಯ ಕರಾರುಪತ್ರ ಹಿಡಿದು ಬಾಗಿಲಿಗೆ ಅಡ್ಡ ನಿಂತಳು. ಕೋರ್ಟಿನ ಆದೇಶವಿಲ್ಲದೆ ಮನೆ ಬಿಡಿಸುವಂತಿಲ್ಲ, ನೀರು ಬೆಳಕು ತೆಗೆಯುವಂತೆಯೂ ಇಲ್ಲ ಎಂದು ವಕೀಲರು ಹೇಳಿದ್ದನ್ನು ಹೇಳಿದಳು. ಅವನು ಕಾಗದ ಹರಿದು, ಆಕೆಯನ್ನು ರಟ್ಟೆ ಹಿಡಿದು ಹೊರಗೆ ದಬ್ಬಿದ. ಹೊಲಿಗೆ ಮಶೀನು, ಅರ್ಧ ಹೊಲಿದ ಕೌದಿ, ಜೋಳದ ಹಿಟ್ಟಿನ ಡಬ್ಬಿ, ಎಲ್ಲವನ್ನೂ ಓಣಿಗೆ ಎಸೆದ. ಓಣಿಯವರು ನೋಡುತ್ತ ನಿಂತರು. ಒಬ್ಬರೂ ಮುಂದೆ ಬರಲಿಲ್ಲ.

ಬೀಗ ಹಾಕುವ ಮುನ್ನ ಒಳಗೊಮ್ಮೆ ಕಣ್ಣಾಡಿಸಲು ಹೋದ. ಹಗಲಲ್ಲೂ ಗವ್ವೆನ್ನುವ ಕತ್ತಲೆ. ಬಾಣಂತಿ ಕೋಣೆಯ ಅಜವಾನದ ಹೊಗೆ. ಸೀದ ಕೂದಲ ನಾತ. ಮೂಲೆಯಲ್ಲಿ ಕೂಸು ಬಿಕ್ಕಿತು. ತಿರುಗಿದ. ಯಾರೂ ಇಲ್ಲ. ಕೊರಳಿಗೆ ಏನೋ ಸುತ್ತಿತು. ಒದ್ದೆ. ಕೂದಲು. ಬಿಗಿಯಿತು. ಓಡಿದ. ಓಣಿಯಲ್ಲಿ ಬಿದ್ದ ಮೇಲೆಯೇ ಎದೆಗೆ ಗಾಳಿ ಹೋಯಿತು. ಆದರೂ ಎದ್ದು ಬೀಗ ಜಡಿದು ಕಾರು ಹತ್ತಿದ.

ಹುಬ್ಬಳ್ಳಿಯ ಸ್ವಂತ ಮನೆಯೊಳಗೆ ಒಂದು ಕಾಲಿಟ್ಟ. ಕೊರಳು ಬಿಗಿಯಿತು. ಹೆಂಡತಿ ಜ್ಯೋತ್ಸ್ನಾ ಕೈಹಿಡಿದು ಒಳಗೆ ಜಗ್ಗಿದಳು. ಅವನ ನಾಲಗೆ ಹೊರಬಂದದ್ದು ಕಂಡು ಚೀರಿ ಬಿಟ್ಟಳು. ಲಾಡ್ಜು, ಆಸ್ಪತ್ರೆ, ಗುಡಿ, ಎಲ್ಲ ಬಾಗಿಲಲ್ಲೂ ಅದೇ ಗತಿ. ಆರು ದಿನ ತನ್ನ ಮನೆಯೆದುರೇ ಗಟಾರದ ಬಾಜು ಮಲಗಿದ.

ಏಳನೆಯ ದಿನ ಮೊರಬಕ್ಕೆ ಬಂದು ಬೀಗ ತೆರೆದ. ಹೊರಗಿನಿಂದಲೇ ವಾಯರ್ ಕೂಡಿಸಿದ, ಪೈಪು ಜೋಡಿಸಿದ. ಮಾಸ್ತರರ ಕಟ್ಟೆಯ ಮೇಲಿದ್ದ ಜರೀನಾಬಿಯ ಸಾಮಾನನ್ನು ಹೊತ್ತು ತಂದ, ಹೊಸ್ತಿಲವರೆಗೆ ಮಾತ್ರ. ಬೀಗ ತೆರೆದೊಡನೆ ಒಳಗೆ ಹೋಗಿದ್ದ ಆಕೆ ಒಂದೊಂದನ್ನೂ ಕಸಿದುಕೊಂಡಳು. ಕೊನೆಗೆ ಪ್ರತಾಪ ಹೊಸ್ತಿಲಿಗೆ ಹಣೆ ಹಚ್ಚಿ, ಮಾಫ್ ಮಾಡಿ ಒಮ್ಮೆ ಒಳಗೆ ಕರೆಯಿರಿ ಎಂದು ಅತ್ತ.

"ನಾ ಕರದ್ರ ಏನಾಗತೈತ್ರಿ? ಮಾಟ ಮಾಡಿದಾಕಿ ನಾ ಅಲ್ಲ. ಆಕಿ ಸತ್ತು ನಲವತ್ತು ವರ್ಷಾತು. ಮಾಫಿ ಆಕಿನ್ನ ಕೇಳ್ರಿ."

ಜರೀನಾಬಿ ಬಾಗಿಲು ಹಾಕಿಕೊಂಡು ಒಳಗಿನಿಂದ ಚಿಲಕ ಜಡಿದಳು.